ಗಣಿನಾಡಿನಲ್ಲಿ ಗ್ರಾಮೀಣ ಶುಶ್ರೂಷೆ: ಸಮಸ್ಯೆಗಳು ಮತ್ತು ಸಾಧ್ಯತೆಗಳು

ರೋಗಿಯ ಬಳಿಯಲ್ಲಿ ಅತಿ ಹೆಚ್ಚು ಕಾಲ ಇರುವವಳು ಶುಶ್ರೂಷಕಿ. ವೈದ್ಯರು ಬಂದು ನೋಡಿ ಹೋಗುತ್ತಾರೆ. ರೋಗಿ ಉಂಡನೇ, ನಿದ್ರಿಸಿದನೇ, ಇರುಳೆಲ್ಲ ಕೆಮ್ಮಿದನೇ ಎಂಬುದು ಆಕೆಗೆ ತಿಳಿದಿರುತ್ತದೆ. ವೈದ್ಯರೇ ಅಪರೂಪವಾಗಿರುವ ಹಳ್ಳಿಗಳಲ್ಲಂತೂ ಆಕೆಯ ಹೊಣೆ ಇನ್ನೂ ಹಿರಿದು. ಕೋಲಾರ ಚಿನ್ನದ ಗಣಿ ಮತ್ತು ಬಂಗಾರಪೇಟೆಯ ಸೀಮೆ ಇದಕ್ಕೆ ತಕ್ಕ ನಿದರ್ಶನವಾಗಿದೆ.

1880ರಲ್ಲಿ ಜಾನ್ ಟೇಲರ್ ಕಂಪನಿಯು ಇಲ್ಲಿ ಗಣಿಗಾರಿಕೆಯನ್ನು ಕೈಗೊಂಡಿತು. 1902ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿ ಇಲ್ಲಿಗೆ ಬಂದಿತು. ಚಾಂಪಿಯನ್ ರೀಫ್ ಗಣಿ ಕಾಲಕ್ರಮದಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಕಾರ್ಮಿಕರಿಗಾಗಿ ಗಣಿಯ ಆಸ್ಪತ್ರೆ ಬೆಳೆಯಿತು. ಕೋಲಾರದಲ್ಲಿ 1910ರಲ್ಲಿ ಸ್ಥಾಪಿತವಾದ ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆಯು ಚಿಕಿತ್ಸೆಯೊಡನೆ ಶುಶ್ರೂಷಾ ಶಿಕ್ಷಣಕ್ಕೂ ನೆಲೆಯಾಯಿತು. ಆದರೆ ಬೂದಿಕೋಟೆ, ಕಾಮಸಮುದ್ರ, ಬೇತಮಂಗಲಗಳ ಸುತ್ತಿನ ಹಳ್ಳಿಗಳಲ್ಲಿ ಹೆರಿಗೆಗೆ ಸೂಲಗಿತ್ತಿಯೇ ಬಹುಕಾಲ ಆಸರೆಯಾಗಿದ್ದಳು. ಇದು ಈ ಸೀಮೆಯೊಂದರ ಕೊರತೆಯಲ್ಲ. 1946ರ ಭೋರ್ ಸಮಿತಿಯ ವರದಿಯಂತೆ ಆಗ ದೇಶದಲ್ಲಿ 43,000 ಜನರಿಗೆ ಒಬ್ಬ ಶುಶ್ರೂಷಕಿಯಿದ್ದಳು.

ಗಣಿ ಕೊಟ್ಟದ್ದು ಚಿನ್ನವೊಂದನ್ನೇ ಅಲ್ಲ. ಬಂಡೆಯನ್ನು ಕೊರೆಯುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶವನ್ನು ಸೇರಿ ಅಲ್ಲಿ ಗಂಟುಕಟ್ಟುತ್ತದೆ. ಇದೇ ಸಿಲಿಕೋಸಿಸ್. 1940ರಿಂದ 1946ರವರೆಗೆ ಇಲ್ಲಿ ಪರೀಕ್ಷೆಗೆ ಒಳಗಾದ 7,653 ಕಾರ್ಮಿಕರಲ್ಲಿ ಸುಮಾರು ಶೇಕಡ 44ರಷ್ಟು ಜನರಲ್ಲಿ ಈ ರೋಗ ಕಂಡುಬಂದಿತು. ಇದನ್ನು ಗುಣಪಡಿಸುವ ಔಷಧಿಯಿಲ್ಲ. ಧೂಳಿನ ಕೆಲಸ ಬಿಟ್ಟ ಮೇಲೂ ರೋಗ ಮುಂದುವರಿಯಬಲ್ಲದು. ಇದಿರುವವರಿಗೆ ಕ್ಷಯ ತಗಲುವ ಸಂಭವವೂ ಹೆಚ್ಚು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು, ಗಣಿಯ ಆಸ್ಪತ್ರೆಯ ವೈಭವವೂ ಅಸ್ತಮಿಸಿತು. ಆದರೆ ಎದೆಯೊಳಗಿನ ಧೂಳು ಉಳಿಯಿತು. ಅಲ್ಲಿಯವರೆಗೆ ವಾರ್ಡಿನಲ್ಲಿ ನಡೆದಿದ್ದ ಶುಶ್ರೂಷೆಯ ಭಾರ ಲೈನುಮನೆಗಳ ಹೆಣ್ಣುಮಕ್ಕಳ ಮೇಲೆ ಬಿತ್ತು.

ಇಲ್ಲಿಯೇ ಗ್ರಾಮೀಣ ಶುಶ್ರೂಷಕಿಯ ಮೊದಲ ಸಮಸ್ಯೆ ಎದುರಾಗುತ್ತದೆ. ಸಿಲಿಕೋಸಿಸ್ ಮತ್ತು ಕ್ಷಯ ಎರಡರಲ್ಲಿಯೂ ಕೆಮ್ಮು, ಉಸಿರಾಟದ ತೊಂದರೆ, ದೇಹ ಸೊರಗುವಿಕೆ ಕಾಣಿಸಿಕೊಳ್ಳುತ್ತವೆ. ಒಂದನ್ನು ಇನ್ನೊಂದೆಂದು ಭ್ರಮಿಸಿದರೆ ರೋಗಿಗೆ ಬೇಡದ ಔಷಧಿ ಸಿಕ್ಕೀತು, ಇಲ್ಲವೆ ಬೇಕಾದ ಔಷಧಿ ತಪ್ಪೀತು. ಇಟಲಿಯ ವೈದ್ಯ ರಾಮಜ್ಜೀನಿಯು 1700ರಲ್ಲಿಯೇ, ರೋಗಿಯ ಕಸುಬು ಯಾವುದೆಂದು ವೈದ್ಯನು ಕೇಳಲೇಬೇಕೆಂದು ಬೋಧಿಸಿದ್ದನು. “ಯಾವ ಕೆಲಸ ಮಾಡುತ್ತಿದ್ದಿರಿ? ಎಷ್ಟು ವರ್ಷ?” ಎಂಬ ಪ್ರಶ್ನೆಗೆ ಖರ್ಚಿಲ್ಲ, ಯಂತ್ರ ಬೇಕಿಲ್ಲ. ಆದರೂ ಅದನ್ನು ಕೇಳುವವರು ವಿರಳ.

ಕೇಳಿ ಆಲಿಸುವುದರ ಬೆಲೆಯನ್ನು ಕರ್ನಾಟಕದ ಅಧ್ಯಯನವೊಂದು ತೋರಿಸಿಕೊಟ್ಟಿತು. 1959ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಬ್ಯಾನರ್ಜಿ ಮತ್ತು ಆಂಡರ್ಸನ್ ಅವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನ 1963ರಲ್ಲಿ ಪ್ರಕಟವಾಯಿತು. ಹಳ್ಳಿಗರು ಅಜ್ಞಾನದಿಂದ ಆಸ್ಪತ್ರೆಗೆ ಬರುವುದಿಲ್ಲವೆಂಬುದು ಆಗಿನ ನಂಬಿಕೆ. ಆದರೆ ಕ್ಷಯವಿದ್ದವರಲ್ಲಿ ಸುಮಾರು ಅರ್ಧದಷ್ಟು ಜನ ತಾವಾಗಿಯೇ ಆಸ್ಪತ್ರೆಗೆ ಹೋಗಿದ್ದರು, ಕೆಮ್ಮಿನ ಔಷಧಿಯನ್ನು ಕೈಯಲ್ಲಿ ಹಿಡಿದು ಹಿಂತಿರುಗಿದ್ದರು. ಲೋಪವಿದ್ದುದು ಬಂದವರಲ್ಲಿ ಅಲ್ಲ, ಬಂದವರನ್ನು ವಿಚಾರಿಸಿದ ರೀತಿಯಲ್ಲಿ. ಇದಕ್ಕೆ ಮುನ್ನ 1959ರಲ್ಲಿಯೇ ಮದರಾಸಿನ ಸಂಶೋಧಕರು ಮನೆಯಲ್ಲಿದ್ದುಕೊಂಡೇ ಕ್ಷಯಕ್ಕೆ ಆರೋಗ್ಯಧಾಮದಷ್ಟೇ ಸಫಲವಾದ ಚಿಕಿತ್ಸೆ ಸಾಧ್ಯವೆಂದು ತೋರಿಸಿದ್ದರು. ಮನೆಮನೆಗೆ ಹೋಗುವ ಶುಶ್ರೂಷಕಿಯ ಕೆಲಸಕ್ಕೆ ಇವೆರಡೂ ಭದ್ರವಾದ ಆಧಾರಗಳು.

ಎರಡನೆಯ ಸಮಸ್ಯೆ ಭಾಷೆಯದು. ಗಣಿಯ ಲೈನುಗಳಲ್ಲಿ ತಮಿಳು, ಸುತ್ತಿನ ಹಳ್ಳಿಗಳಲ್ಲಿ ತೆಲುಗು ಮತ್ತು ಕನ್ನಡ, ಪೇಟೆಯಲ್ಲಿ ಉರ್ದು ಕೇಳಿಬರುತ್ತವೆ. ಮೂರನೆಯದು ಶಿಕ್ಷಣದ್ದು. ಪಟ್ಟಣದ ವಾರ್ಡಿನಲ್ಲಿ ಕಲಿತ ವಿದ್ಯಾರ್ಥಿನಿಗೆ ಬೇಕಾದುದೆಲ್ಲ ಕೈಗೆಟಕುತ್ತದೆ, ಕರೆದರೆ ವೈದ್ಯರು ಬರುತ್ತಾರೆ. ಉಪಕೇಂದ್ರದಲ್ಲಿ ಆಕೆ ಒಂಟಿ. ಬಯಲುಸೀಮೆಯಲ್ಲಿ 5,000 ಜನರಿಗೆ ಒಂದು ಉಪಕೇಂದ್ರವೆಂಬುದು ನಿಯಮ; ಗರ್ಭಿಣಿಯರ ತಪಾಸಣೆ, ಲಸಿಕೆ, ದಾಖಲೆ ಎಲ್ಲವೂ ಅಲ್ಲಿಯ ಹೊಣೆ.

ಈ ಕೊರತೆಯನ್ನು ತುಂಬಲು ಪ್ರಯತ್ನಗಳು ನಡೆದಿವೆ. 1973ರ ಕರ್ತಾರ್ ಸಿಂಗ್ ಸಮಿತಿ ಬಹೂದ್ದೇಶ ಆರೋಗ್ಯ ಕಾರ್ಯಕರ್ತರ ಪದ್ಧತಿಯನ್ನು ಸೂಚಿಸಿತು. 2005ರ ನಂತರ ಆಶಾ ಕಾರ್ಯಕರ್ತೆಯರು ಆರೋಗ್ಯ ಸಹಾಯಕಿಯರಿಗೆ ಜೊತೆಯಾದರು. 2018ರಲ್ಲಿ ಘೋಷಿತವಾದ ಆಯುಷ್ಮಾನ್ ಭಾರತ ಯೋಜನೆಯಲ್ಲಿ, ಆರು ತಿಂಗಳ ವಿಶೇಷ ತರಬೇತಿ ಪಡೆದ ಶುಶ್ರೂಷಾ ಪದವೀಧರರನ್ನು ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯಾಧಿಕಾರಿಗಳಾಗಿ ನೇಮಿಸುವ ಕ್ರಮ ಬಂದಿತು. ಹಳ್ಳಿಯ ಶುಶ್ರೂಷಕಿ ಕೇವಲ ಆಜ್ಞೆ ಪಾಲಿಸುವವಳಲ್ಲ, ತಾನೇ ಪರೀಕ್ಷಿಸಿ ನಿರ್ಣಯಿಸಬಲ್ಲವಳು ಎಂಬ ಮಾನ್ಯತೆ ಇದರಲ್ಲಿ ಅಡಗಿದೆ.

ಆದರೆ ಪದವಿಯೊಂದೇ ಸಾಲದು. ಗಣಿನಾಡಿನ ವಿದ್ಯಾರ್ಥಿನಿ ತನ್ನ ಕಲಿಕೆಯ ಕೆಲವು ತಿಂಗಳನ್ನಾದರೂ ಲೈನುಮನೆಗಳಲ್ಲಿ, ಹಳ್ಳಿಗಳಲ್ಲಿ ಕಳೆಯಬೇಕು. ಪ್ರತಿಯೊಬ್ಬ ರೋಗಿಯ ಕಸುಬನ್ನು ಕೇಳಿ ಬರೆದಿಡಬೇಕು. ಕೆಮ್ಮುವವನನ್ನು ಕಫ ಪರೀಕ್ಷೆಗೂ ಎದೆಯ ಕ್ಷ-ಕಿರಣ ಪರೀಕ್ಷೆಗೂ ತಪ್ಪದೆ ಕಳುಹಿಸಬೇಕು. ರೋಗಿಯನ್ನು ನೋಡಿಕೊಳ್ಳುವ ಮನೆಯವರಿಗೂ ಶುಶ್ರೂಷೆಯ ಕ್ರಮವನ್ನು ತಿಳಿಸಬೇಕು. ನೆಲದಾಳದಿಂದ ಚಿನ್ನವನ್ನು ತೆಗೆದುಕೊಟ್ಟ ಮುದುಕನೊಬ್ಬನು ಉಸಿರಿಗಾಗಿ ಚಡಪಡಿಸುವಾಗ, ಅವನ ದುಡಿಮೆಯ ಕಥೆಯನ್ನು ಕೇಳುವ ಒಬ್ಬಳು ಬಳಿಯಲ್ಲಿರಬೇಕು. ಅಂಥವಳನ್ನು ಸಿದ್ಧಗೊಳಿಸುವುದೇ ಈ ಸೀಮೆಯ ಶುಶ್ರೂಷಾ ಶಿಕ್ಷಣದ ಸಾರ್ಥಕತೆ.