ಬಡಿಸಿ ಬರಬೇಡಿ, ಜೊತೆಗೆ ಕೂತು ಉಂಡು ಬನ್ನಿ

ಮಕ್ಕಳೇ, ಈ ಸಲದ ಕ್ರಿಸ್ಮಸ್ ಊಟ ಗೆಳೆಯರೆಲ್ಲ ಸೇರಿ ವೃದ್ಧಾಶ್ರಮದಲ್ಲಿ ಎಂದು ತೀರ್ಮಾನ ಮಾಡಿದ್ದೀರಂತೆ. ದುಡ್ಡು ಕೂಡಿತು, ಕೇಟರಿಂಗಿನವರಿಗೆ ಹೇಳಿಯಾಯಿತು, ಕೆಂಪು ಟೊಪ್ಪಿಯೂ ಬಂತು. ಹೊರಡುವ ಮೊದಲು ಹಿರಿಯರ ಹತ್ತಿರ ಒಂದು ಮಾತು ಕೇಳೋಣ ಅಂತ ನಿಮಗೆ ಅನ್ನಿಸಿದ್ದು ಸಂತೋಷ. ಕೇಳಿದ ಮೇಲೆ ನಾನು ಸ್ವಲ್ಪ ಉದ್ದವೇ ಹೇಳುತ್ತೇನೆ, ಸಹಿಸಿಕೊಳ್ಳಿ. ಪ್ರಾಯದವರ ಹತ್ತಿರ ಹೋಗುವವರಿಗೆ ಆ ಅಭ್ಯಾಸವೂ ಬೇಕು.

ಮೊದಲಿಗೆ, ನಮ್ಮ ಮಂಗಳೂರಿನಲ್ಲಿ ಇಂಥ ಮನೆಗಳಿಗೆ ಹಬ್ಬದ ದಿನ ಊಟದ ಬರ ಇಲ್ಲ. ಜೆಪ್ಪುವಿನ ಸಂತ ಅಂತೋನಿ ಆಶ್ರಮ 1898ರಿಂದ ಅನಾಥರನ್ನೂ ವೃದ್ಧರನ್ನೂ ನೋಡಿಕೊಳ್ಳುತ್ತಿದೆ. ಕೋರಿನ್ ರಸ್ಕಿನ್ಹಾ ಕಟ್ಟಿದ ವೈಟ್ ಡೌಸ್ ಬೀದಿಯಲ್ಲಿ ಮನಸ್ಸು ಕೆಟ್ಟು ಅಲೆಯುವವರನ್ನು ಕರೆತಂದು, ಆರೈಕೆ ಮಾಡಿ, ಸಾಧ್ಯವಾದಷ್ಟು ಮಂದಿಯನ್ನು ಮನೆಗೆ ಮುಟ್ಟಿಸುತ್ತಾ ಬಂದಿದೆ. ಇವಲ್ಲದೆ ಸಣ್ಣಪುಟ್ಟ ಆಶ್ರಮಗಳು ಊರ ತುಂಬ ಇವೆ. ಡಿಸೆಂಬರ್ ಹಿಡಿದರೆ ಇಂಥ ಕಡೆಗಳಿಗೆ ಇಗರ್ಜಿಯ ಯುವಕರು, ಕಾಲೇಜಿನ ಎನ್ಎಸ್ಎಸ್‌ನವರು, ಬ್ಯಾಂಕಿನವರು, ಬರ್ತ್‌ಡೇ ಆಚರಿಸುವವರು ಎಲ್ಲ ಸಾಲುಗಟ್ಟುತ್ತಾರೆ. ಬೆಳಿಗ್ಗೆ ಒಂದು ಕೇಕು, ಸಂಜೆ ಇನ್ನೊಂದು. ಪಾಪ, ಆ ಅಜ್ಜಿಯರಿಗೆ ಸಕ್ಕರೆ ಕಾಯಿಲೆ ಬೇರೆ.

ಹಸಿದ ಹೊಟ್ಟೆಗೆ ಬಡಿಸಬೇಕು ಎನ್ನುವುದೇ ನಿಮ್ಮ ಆಸೆಯಾದರೆ ಹಂಪನಕಟ್ಟೆಗೆ ಹೋಗಿ, ವೆನ್ಲಾಕ್ ಆಸ್ಪತ್ರೆಯಲ್ಲಿ ನೋಡಿ. ಅಲ್ಲಿ ಎಂ. ಫ್ರೆಂಡ್ಸ್ ಎಂಬ ಗೆಳೆಯರ ಟ್ರಸ್ಟು ‘ಕಾರುಣ್ಯ’ ಎಂಬ ಹೆಸರಿನಲ್ಲಿ ರೋಗಿಗಳ ಜೊತೆಗೆ ನಿಂತವರಿಗೆ ರಾತ್ರಿಯ ಊಟ ಕೊಡುತ್ತಾ ಬಂದಿದೆ. ರೋಗಿಗೆ ಆಸ್ಪತ್ರೆಯ ಊಟ ಇರುತ್ತದೆ, ಬಾಗಲಕೋಟೆಯಿಂದಲೋ ಚಿಕ್ಕಮಗಳೂರಿನಿಂದಲೋ ಜೊತೆಗೆ ಬಂದ ತಾಯಿಗೆ ಏನಿದೆ? ಅಲ್ಲಿ ಬೇಕಾದದ್ದು ಚುರುಕಾದ ಕೈ. ಸಾಲು ಮುಂದೆ ಹೋಗಬೇಕು, ಅನ್ನ ಬಿಸಿ ಇರಬೇಕು, ಕೊನೆಯವರಿಗೂ ಮುಟ್ಟಬೇಕು. ಆಶ್ರಮದಲ್ಲಿ ಹಾಗಲ್ಲ. ಅಲ್ಲಿ ಖಾಲಿ ಇರುವುದು ತಟ್ಟೆಯಲ್ಲ, ಪಕ್ಕದ ಕುರ್ಚಿ.

ಅದಕ್ಕೇ ಹೇಳುವುದು, ಸೌಟು ಅಡುಗೆಯವರ ಕೈಗೆ ಕೊಟ್ಟು ನೀವು ಊಟಕ್ಕೆ ಕೂತುಕೊಳ್ಳಿ. ಹತ್ತು ಜನ ಹೋದರೆ ಹತ್ತು ತಟ್ಟೆ ಹೆಚ್ಚು ಇಡಿಸಿ. ಗೆಳೆಯರ ಜೊತೆ ಹೋಗುವುದರಲ್ಲಿ ಧೈರ್ಯ ಇದೆ, ಅಷ್ಟೇ ತೊಂದರೆಯೂ ಇದೆ. ನಾನು ನೋಡಿದ ಹೆಚ್ಚಿನ ಗುಂಪುಗಳು ಬಿರಿಯಾನಿ ಪಾತ್ರೆಯ ಸುತ್ತ ನಿಂತು ತಮ್ಮತಮ್ಮೊಳಗೇ ಪಟ್ಟಾಂಗ ಹೊಡೆಯುತ್ತವೆ, ಅಜ್ಜಂದಿರು ಗೋಡೆ ನೋಡಿಕೊಂಡು ಉಣ್ಣುತ್ತಾರೆ. ಒಂದು ಮೇಜಿಗೆ ನಿಮ್ಮಲ್ಲಿ ಒಬ್ಬರೇ, ಇಬ್ಬರು ಬೇಡ. ನಿಮ್ಮ ಹರಟೆ ಏನಿದ್ದರೂ ವಾಪಸು ಬರುವಾಗ ಬಸ್ಸಿನಲ್ಲಿ ಮುಗಿಸಿ.

ಎಂತ ಮಾತಾಡುವುದು ಅಂತ ಗಾಬರಿ ಬೇಡ. ಒಂದು ಪ್ರಶ್ನೆ ಮಾತ್ರ ಕೇಳಲೇಬೇಡಿ: “ಮಕ್ಕಳು ಎಲ್ಲಿದ್ದಾರೆ?” ಬಂದವರೆಲ್ಲ ಅದನ್ನೇ ಕೇಳುತ್ತಾರೆ, ಉತ್ತರ ಹೇಳಿ ಹೇಳಿ ಅವರಿಗೆ ಸಾಕಾಗಿರುತ್ತದೆ. ಮಾಡಿದ ಕೆಲಸ ಕೇಳಿ. ಈ ಊರಿನ ಹಳಬರು ಒಂದೋ ಹಂಚಿನ ಕಾರ್ಖಾನೆಯಲ್ಲಿ, ಇಲ್ಲವೋ ಗೇರುಬೀಜದ ಕಾರ್ಖಾನೆಯಲ್ಲಿ, ಬಂದರಿನ ಗೋದಾಮಿನಲ್ಲಿ, ಬ್ಯಾಂಕಿನಲ್ಲಿ ದುಡಿದವರು. ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಈ ಊರಿನ ಎಷ್ಟೋ ಸಂಸಾರಗಳು ಮಣ್ಣಿನಲ್ಲೇ ಬದುಕಿದವು. ಹೆಂಗಸರಾದರೆ ಬೀಡಿ ಕಟ್ಟಿದವರು ಒಬ್ಬರಾದರೂ ಇದ್ದೇ ಇರುತ್ತಾರೆ. ಅರ್ಧ ಗಂಟೆಯಿಂದ ತುಟಿ ಬಿಚ್ಚದೆ ಕೂತಿದ್ದ ಒಬ್ಬ ಅಜ್ಜಿಯ ಹತ್ತಿರ ಒಂದು ಹುಡುಗಿ “ಯಾವ ಬ್ರಾಂಚಿಗೆ ಬೀಡಿ ಕೊಡುತ್ತಿದ್ದಿರಿ ಅಜ್ಜಿ?” ಎಂದು ಕೇಳಿದ್ದನ್ನು ನಾನು ಕಂಡಿದ್ದೇನೆ. ಅಜ್ಜಿ ಕೈ ಒರೆಸುವ ಕಾಗದವನ್ನು ಉದ್ದಕ್ಕೆ ಹರಿದು, ಹೆಬ್ಬೆರಳು ತೋರುಬೆರಳುಗಳ ನಡುವೆ ಸುರುಳಿ ಸುತ್ತಿ, ತುದಿಯನ್ನು ಉಗುರಿನಿಂದ ಮಡಚಿ ಕೂರಿಸಿ ಹುಡುಗಿಯ ಮುಂದೆ ಇಟ್ಟರು. ಆಮೇಲೆ ಬ್ರಾಂಚಿನವನು ಚೆನ್ನಾದ ಬೀಡಿಯನ್ನೂ ತೆಗೆದು ಎಸೆಯುತ್ತಿದ್ದ ಕಥೆ, ಎಲೆ ಕಡಿಮೆ ಕೊಟ್ಟ ಕಥೆ, ಸಂಜೆ ಜಗಲಿಯಲ್ಲಿ ನಾಲ್ಕು ಮನೆಯವರು ಸೇರಿ ಕಟ್ಟುತ್ತಿದ್ದ ಕಥೆ. ಊಟ ತಣ್ಣಗಾಯಿತು, ಮಾತು ನಿಲ್ಲಲಿಲ್ಲ.

ಭಾಷೆಯನ್ನೂ ನೋಡಿಕೊಳ್ಳಿ. ನಮ್ಮಲ್ಲಿ ಒಂದೇ ಪಂಕ್ತಿಯಲ್ಲಿ ತುಳು, ಕೊಂಕಣಿ, ಬ್ಯಾರಿ, ಮಲಯಾಳ, ಕನ್ನಡ ಎಲ್ಲ ಇರುತ್ತವೆ. ಮರೆವಿನ ಕಾಯಿಲೆ ಹಿಡಿದವರು ನಡುವೆ ಕಲಿತ ಭಾಷೆ ಬಿಟ್ಟು ಮನೆಮಾತಿಗೆ ಹೊರಳುವುದುಂಟು. ನಿಮ್ಮ ಗುಂಪಿನಲ್ಲಿ ಬ್ಯಾರಿ ಬಲ್ಲವನೊಬ್ಬ, ಕೊಂಕಣಿಯವಳೊಬ್ಬಳು ಇದ್ದರೆ ಅದು ಕೇಟರಿಂಗಿಗಿಂತ ದೊಡ್ಡ ಸಹಾಯ. ಏನೂ ಬಾರದಿದ್ದರೆ ತುಳುವಿನಲ್ಲಿ “ಒಣಸ್ ಆಂಡಾ?”, ಊಟ ಆಯಿತಾ, ಎಂದು ಶುರುಮಾಡಿ, ಈ ಊರಿನಲ್ಲಿ ಅದು ಎಲ್ಲ ಬಾಗಿಲನ್ನೂ ತೆರೆಯುತ್ತದೆ. ಕಿವಿ ಮಂದ ಇದ್ದವರ ಹತ್ತಿರ ಕಿರುಚಬೇಡಿ. ಯಾವ ಕಿವಿ ಕೇಳುತ್ತದೆ ಎಂದು ವಿಚಾರಿಸಿ ಆ ಕಡೆ ಕೂತು ನಿಧಾನ ಮಾತಾಡಿ. ಹಾಗೆಯೇ ಆ ಸ್ಪೀಕರ್ ಬಾಕ್ಸನ್ನು ಮನೆಯಲ್ಲೇ ಬಿಟ್ಟು ಹೋಗಿ, ಪುಣ್ಯ ಬರುತ್ತದೆ. ಶಕ್ತಿನಗರದ ಕಲಾಂಗಣದಲ್ಲಿ 2008ರಲ್ಲಿ ಸತತ 40 ಗಂಟೆ ಕೊಂಕಣಿ ಹಾಡಿ ಗಿನ್ನೆಸ್ ದಾಖಲೆ ಮಾಡಿದ ಊರಪ್ಪ ಇದು. ಅಲ್ಲಿರುವ ಅಜ್ಜಿಯಂದಿರೇ ಹಾಡುತ್ತಾರೆ, ನೀವು ಚಪ್ಪಾಳೆ ತಟ್ಟಿದರೆ ಸಾಕು.

ಊಟದ ವಿಷಯ. ಹಂದಿ ಬಾಫತ್ ಕ್ರಿಸ್ಮಸ್ಸಿಗೆ ಇರಲೇಬೇಕು ಎನ್ನುವವರು ಇದ್ದಾರೆ, ಅದರ ವಾಸನೆಯೂ ಆಗದವರು ಅದೇ ಹಾಲಿನಲ್ಲಿ ಕೂತಿರುತ್ತಾರೆ. ಮೊದಲೇ ಮ್ಯಾನೇಜರರನ್ನೋ ಸಿಸ್ಟರನ್ನೋ ಕೇಳಿ, ಪಾತ್ರೆ ಬೇರೆ, ಸೌಟು ಬೇರೆ ಇರಲಿ. ಸಾನ್ನಾ ಒಳ್ಳೆಯದು, ಹಲ್ಲಿಲ್ಲದವರಿಗೂ ಇಳಿಯುತ್ತದೆ. ಕ್ರಿಸ್ಮಸ್ ತಿಂಡಿಗಳ ಕುಸ್ವಾರಿನಲ್ಲಿ ಚಕ್ಕುಲಿ, ಕಿಡಿಯೋ ಎರಡೂ ಗಟ್ಟಿ, ಚಹಾದಲ್ಲಿ ಅದ್ದಲು ಬಿಡಿ. ಯಾರಾದರೂ ಎರಡು ನೆವ್ರಿ ತೆಗೆದು ಸೆರಗಿನಲ್ಲಿ ಕಟ್ಟಿಕೊಂಡರೆ ನಗಬೇಡಿ. ಮರುದಿನ ಬರುವ ನರ್ಸಮ್ಮನಿಗೆ ಕೊಡಲು ಇರಬಹುದು; ಕೊಡುವುದಕ್ಕೆ ಅವರ ಹತ್ತಿರ ಬೇರೆ ಏನಿದೆ? ರಾತ್ರಿ ಊಟ ಅಂದರೆ ನಿಮಗೆ ಒಂಬತ್ತು ಗಂಟೆ, ಅವರಿಗೆ ಏಳಕ್ಕೇ ಮುಗಿಯಬೇಕು. ಮಾತ್ರೆ ನುಂಗಿ ಮಲಗುವ ಹೊತ್ತು ತಪ್ಪಿದರೆ ನಿಮ್ಮ ಹಬ್ಬದ ಸಾಲ ಅವರು ಎರಡು ದಿನ ತೀರಿಸಬೇಕಾಗುತ್ತದೆ.

ಫೋಟೋ ಬೇಡ. ಇದಕ್ಕೆ ವಿವರಣೆಯೂ ಬೇಡ.

ಇನ್ನು, ಒಂಟಿ ಎಂದರೆ ಆಶ್ರಮ ಮಾತ್ರ ಎಂದುಕೊಳ್ಳಬೇಡಿ. ನಿಮ್ಮದೇ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟಿಗೆ ಕಾಯುವ ಬಾಯಮ್ಮ ಇಲ್ಲವೇ? ಒಬ್ಬ ಮಗ ದುಬೈ, ಮಗಳು ಕೆನಡಾ, ಮೂರು ಬೆಡ್‌ರೂಮಿನ ಮನೆ, ರಾತ್ರಿ ಗಂಜಿ ಮತ್ತು ಉಪ್ಪಿನಕಾಯಿ. ಕಂಕನಾಡಿಯ ಪಿಜಿಯಲ್ಲಿ ಮಣಿಪುರದ ನರ್ಸಿಂಗ್ ಹುಡುಗಿ, ರಜೆ ಸಿಕ್ಕದೆ ಕ್ರಿಸ್ಮಸ್ ರಾತ್ರಿ ಡ್ಯೂಟಿ. ಗೇಟಿನಲ್ಲಿ ಗದಗದ ವಾಚ್‌ಮನ್. ಇಂಗ್ಲೆಂಡಿನಲ್ಲಿ ಲೆಮ್ ಸಿಸ್ಸೆ ಎಂಬ ಕವಿ ಇದ್ದಾರೆ, ಬಾಲಮಂದಿರಗಳಲ್ಲಿ ಬೆಳೆದವರು. ಹಾಗೆ ಬೆಳೆದು ಹೊರಬಿದ್ದ ಹುಡುಗ ಹುಡುಗಿಯರಿಗೆ ಕ್ರಿಸ್ಮಸ್ ದಿನ ಹೋಗಲು ಮನೆಯೇ ಇರುವುದಿಲ್ಲ ಎಂದು 2013ರಲ್ಲಿ ಮ್ಯಾಂಚೆಸ್ಟರಿನಲ್ಲಿ ಅವರಿಗಾಗಿ ಊಟ ಶುರುಮಾಡಿದರು, ಅದು ಬೇರೆ ಊರುಗಳಿಗೂ ಹಬ್ಬಿತು. ನಮ್ಮಲ್ಲಿ ಮೊಂತಿ ಹಬ್ಬ ಇಂಥದ್ದೇ ಅಲ್ಲವೇ? ಸೆಪ್ಟೆಂಬರ್ 8ಕ್ಕೆ ಹೊಸ ಭತ್ತದ ತೆನೆ, ಬಾಳೆಲೆ, ಸಸ್ಯಾಹಾರ, ಮನೆಯವರೆಲ್ಲ ಒಟ್ಟಿಗೆ. ಬರಲಾಗದವರಿಗೆ ತೆನೆಯನ್ನು ಅಂಚೆಯಲ್ಲಾದರೂ ಕಳಿಸುವ ರೂಢಿ ಇತ್ತು. ನನ್ನನ್ನು ಕೇಳಿದರೆ ಒಂಟಿಯವರನ್ನು ಕರೆಯಲು ಕ್ರಿಸ್ಮಸ್ಸಿಗಿಂತ ಆ ಹಬ್ಬವೇ ಮೇಲು. ಒಂದು ಬಾಳೆಲೆ ಹೆಚ್ಚು ಹಾಕಿದರೆ ಯಾರಿಗೂ ಭಾರವಿಲ್ಲ, ಊಟದಲ್ಲಿ ಯಾರಿಗೂ ವರ್ಜ್ಯವಾದದ್ದೂ ಇಲ್ಲ.

ಇದೆಲ್ಲ ಬರಿಯ ಭಾವುಕತೆ ಎನ್ನುವ ಒಬ್ಬ ಗೆಳೆಯ ನಿಮ್ಮಲ್ಲಿ ಇದ್ದೇ ಇರುತ್ತಾನೆ. ಅವನಿಗೆ ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ಡಾ. ವಿವೇಕ್ ಮೂರ್ತಿಯವರ ಹೆಸರು ಹೇಳಿ. ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ 2023ರಲ್ಲಿ ಅವರು ಹೊರಡಿಸಿದ ವರದಿ, ಜನರ ಒಡನಾಟ ಇಲ್ಲದ ಬದುಕು ದಿನಕ್ಕೆ 15 ಸಿಗರೇಟು ಸೇದಿದಷ್ಟೇ ಆಯುಸ್ಸು ತಿನ್ನಬಲ್ಲದು ಎಂದಿತ್ತು. ಬೀಡಿಯ ಊರಿನವರಾದ ನಮಗೆ ಈ ಲೆಕ್ಕ ಬೇಗ ತಲೆಗೆ ಹೋಗಬೇಕು.

ಹೊರಡುವಾಗ “ಪುನಃ ಬರುತ್ತೇವೆ” ಎಂದು ಸುಮ್ಮನೆ ಹೇಳಬೇಡಿ. ನೀವು ಗೇಟು ದಾಟುವ ಮೊದಲೇ ಮರೆಯುತ್ತೀರಿ, ಅವರು ಕ್ಯಾಲೆಂಡರಿನಲ್ಲಿ ಗೀಟು ಹಾಕಿ ಇಡುತ್ತಾರೆ. ಬರುವುದಾದರೆ ದಿನಾಂಕ ಹೇಳಿ, ಇಲ್ಲದಿದ್ದರೆ ಕೈ ಹಿಡಿದು ನಮಸ್ಕಾರ ಮಾಡಿ ಬನ್ನಿ. ದಿನಾಂಕ ಗೊತ್ತುಮಾಡುವ ಮೊದಲು ಆಫೀಸಿಗೆ ಹೋಗಿ “ನಿಮ್ಮಲ್ಲಿಗೆ ಯಾರೂ ಬಾರದ ತಿಂಗಳು ಯಾವುದು?” ಎಂದು ಕೇಳಿ. ಹೆಚ್ಚಿನ ಕಡೆ ಜೋರು ಮಳೆಯ ಜುಲೈ ಎನ್ನುತ್ತಾರೆ. ಆ ತಿಂಗಳ ಒಂದು ಭಾನುವಾರವನ್ನು ಈಗಲೇ ಹಿಡಿದಿಡಿ. ಕೇಟರಿಂಗು ಬೇಡ, ನಾಲ್ಕು ಜನ ಹೋದರೆ ಸಾಕು.