ಡಾಂಬರಿಗೂ ನಾಲೆ ಏರಿಗೂ ಒಂದೇ ಸೈಕಲ್

ಸೋಸಲೆಯಲ್ಲಿದ್ದು ತಿರುಮಕೂಡಲು ನರಸೀಪುರದ ಪೇಟೆಗೂ ಊರಿನ ಗದ್ದೆಬಯಲಿಗೂ ಒಂದೇ ಸೈಕಲಿನಲ್ಲಿ ಓಡಾಡಬಯಸುವವರು ಕೊಳ್ಳುವ ಬೆಲೆಯ ಜೊತೆಗೆ ಮುಂದಿನ ವರ್ಷಗಳ ರಿಪೇರಿ ವೆಚ್ಚವನ್ನೂ ಲೆಕ್ಕ ಹಾಕಬೇಕಾಗುತ್ತದೆ. ಏಕೆಂದರೆ ಇಲ್ಲಿ ಡಾಂಬರು ಬಿಟ್ಟಿಳಿದ ದಾರಿ ನಾಲೆ ಏರಿಯ ಮೇಲೆ ಜಲ್ಲಿಯಾಗಿ, ಕಬ್ಬಿನ ಗದ್ದೆಯ ಬಳಿ ಗಾಡಿ ಜಾಡಾಗಿ, ಮಳೆ ಬಿದ್ದರೆ ಬರಿಯ ಕೆಸರಾಗಿ ಬದಲಾಗುತ್ತದೆ.

ಇಂತಹ ದಾರಿಗೆಂದು ಅಂಗಡಿಯಲ್ಲಿ ಮೊದಲು ಹೊರಬರುವುದು ದಪ್ಪ ಟೈರಿನ, ಮುಂದಿನ ಫೋರ್ಕಿನಲ್ಲಿ ಶಾಕ್ ಅಳವಡಿಸಿದ ಎಂಟಿಬಿ. ಕಡಿಮೆ ಬೆಲೆಯ ಶಾಕ್‌ಗಳಲ್ಲಿ ಸಾಮಾನ್ಯವಾಗಿ ಸ್ಪ್ರಿಂಗ್ ಮಾತ್ರ ಇದ್ದು, ಅದರ ಪುಟಿತವನ್ನು ಹದಗೊಳಿಸುವ ಎಣ್ಣೆಯ ವ್ಯವಸ್ಥೆ ಇರುವುದಿಲ್ಲವಾದ್ದರಿಂದ, ಎದ್ದು ನಿಂತು ತುಳಿದಾಗ ಕಾಲಿನ ಬಲದ ಒಂದು ಪಾಲು ಸ್ಪ್ರಿಂಗನ್ನು ಅದುಮುವುದಕ್ಕೇ ವ್ಯಯವಾಗುತ್ತದೆ. ಕೆಸರು ಹೊಕ್ಕು ತುಕ್ಕು ಹಿಡಿದ ಮೇಲೆ ಅದು ಹೊತ್ತು ತಿರುಗಬೇಕಾದ ಭಾರವಷ್ಟೇ. ಮೈಗೆ ಬೇಕಾದ ಸುಖವನ್ನು ಶಾಕ್‌ಗಿಂತ ಅಗ್ಗವಾಗಿ ಕೊಡುವುದು ಟೈರಿನ ಗಾಳಿ. ಹೈಬ್ರಿಡ್ ಎಂದು ಕರೆಯಲಾಗುವ, ನೆಟ್ಟಗೆ ಕುಳಿತು ಓಡಿಸುವ ಸೈಕಲಿನ 35ರಿಂದ 45 ಮಿಲಿಮೀಟರ್ ಅಗಲದ ಟೈರಿಗೆ ಗಾಳಿಯನ್ನು ಕಲ್ಲಿನಂತೆ ಬಿಗಿಯಾಗಿ ತುಂಬದೆ ಹದವಾಗಿಟ್ಟರೆ, ಅದು ಡಾಂಬರಿನ ಮೇಲೆ ಸಲೀಸಾಗಿ ಉರುಳುತ್ತದೆ, ಜಲ್ಲಿಯ ಕುಲುಕನ್ನೂ ಬಹುಮಟ್ಟಿಗೆ ನುಂಗಿಕೊಳ್ಳುತ್ತದೆ.

ಈ ಅಂಕಣಕಾರರ ಅನುಭವದಲ್ಲಿ ಸೈಕಲ್ ಮತ್ತೆ ಮತ್ತೆ ಹಣ ಬೇಡುವುದು ಟೈರು, ಟ್ಯೂಬು, ಚೈನು, ಬ್ರೇಕ್ ರಬ್ಬರುಗಳಿಗೆ. ಜಾಲಿಮುಳ್ಳಿನ ಸೀಮೆಯಲ್ಲಿ ಪಂಚರ್ ಅಂತೂ ತಪ್ಪಿದ್ದಲ್ಲ. ಆದ್ದರಿಂದ ಟೈರಿನ ಮಗ್ಗುಲಲ್ಲಿ ಅಚ್ಚಾಗಿರುವ ಅಂಕಿಯನ್ನು ಕೊಳ್ಳುವ ಮೊದಲೇ ಓದಬೇಕು. 40-622 ಎಂದಿದ್ದರೆ ಟೈರಿನ ಅಗಲ 40 ಮಿಲಿಮೀಟರ್, ರಿಮ್ಮಿನ ಮೇಲೆ ಅದು ಕೂರುವ ವೃತ್ತದ ವ್ಯಾಸ 622 ಮಿಲಿಮೀಟರ್. 26 ಇಂಚು ಎಂಬ ಒಂದೇ ಹೆಸರಿನಲ್ಲಿ 559ರ ಟೈರೂ 590ರ ಟೈರೂ ಮಾರಾಟವಾಗುವುದರಿಂದ, ಹೆಸರು ನಂಬಿ ತಂದದ್ದು ರಿಮ್ಮಿಗೆ ಕೂರದೆ ದುಡ್ಡು ದಂಡವಾಗುತ್ತದೆ. ತಮ್ಮ ಅಳತೆಯ ಟೈರು ನರಸೀಪುರದಲ್ಲೇ ಸಿಗುತ್ತದೆಯೋ, ಪ್ರತಿ ಸಲ ಮೈಸೂರಿಗೆ ಹೋಗಬೇಕೋ ಎಂಬುದನ್ನು ರಿಪೇರಿಯವರನ್ನು ಕೇಳಿ ತಿಳಿದ ಮೇಲೆಯೇ ಮುಂಗಡ ಕೊಡುವುದು ಒಳ್ಳೆಯದು.

2025ರ ಸೆಪ್ಟೆಂಬರ್ 22ರಿಂದ ಸೈಕಲಿನ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ತೆರಿಗೆಗೆ ಮುಂಚಿನ ಬೆಲೆ 10,000 ರೂಪಾಯಿ ಇದ್ದರೆ ಹಿಂದೆ 11,200 ಆಗುತ್ತಿದ್ದದ್ದು ಈಗ 10,500 ಆಗುತ್ತದೆ. ಉಳಿಯುವ 700 ರೂಪಾಯಿಯನ್ನು ಹೆಚ್ಚು ಗೇರುಗಳ ಮಾದರಿಗೆ ಸೇರಿಸುವ ಬದಲು ಮಡ್‌ಗಾರ್ಡಿಗೂ ಕ್ಯಾರಿಯರಿಗೂ ಹಾಕುವುದು ಲೇಸು. 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಕೊಟ್ಟ ಸೈಕಲೊಂದು ಮನೆಯ ಮೂಲೆಯಲ್ಲಿ ನಿಂತಿದ್ದು, ಅದರ ಫ್ರೇಮು ನೆಟ್ಟಗಿದ್ದು ಎತ್ತರವೂ ಹೊಂದಿದರೆ, ಹೊಸ ಟೈರು, ಚೈನು, ಬೇರಿಂಗ್ ಗುಂಡುಗಳನ್ನು ಹಾಕಿಸುವ ಖರ್ಚನ್ನು ಮೊದಲು ವಿಚಾರಿಸಬೇಕು.

ಅಂಗಡಿಯಲ್ಲಿ ಪೆಡಲನ್ನು ತೀರ ಕೆಳಕ್ಕೆ ತಂದು ಹಿಮ್ಮಡಿಯನ್ನು ಅದರ ಮೇಲಿಟ್ಟಾಗ ಕಾಲು ನೇರವಾಗುವಷ್ಟಕ್ಕೆ ಸೀಟನ್ನು ಏರಿಸಿ ನೋಡಬೇಕು. ಹಿಂದಿನ ಚಕ್ರದ ಬಳಿ ಫ್ರೇಮಿನಲ್ಲಿ ಕ್ಯಾರಿಯರ್ ಬೋಲ್ಟಿಗೆ ತೂತುಗಳಿವೆಯೇ ಎಂದು ಬಗ್ಗಿ ನೋಡಬೇಕು. ಹಾಲಿನ ಕ್ಯಾನನ್ನೋ ಹುಲ್ಲಿನ ಹೊರೆಯನ್ನೋ ಹೇರಬೇಕಾದ ಮನೆಯವರು, ಆ ತೂತುಗಳಿಲ್ಲದ ಸೈಕಲ್ ಸಾವಿರ ರೂಪಾಯಿ ಕಡಿಮೆಗೆ ಸಿಕ್ಕರೂ ಕೊಳ್ಳಬಾರದು.