ಪರದೆಯ ಮೇಲಿನ ಡಾಕ್ಟರು, ಮೊದಲ ನಾಲ್ಕೈದು ದಿನ

ಸುಮಾ,

ಫೋನಿನಲ್ಲೇ ಡಾಕ್ಟರನ್ನು ನೋಡಿ ಕುಡಿತ ಬಿಡಿಸಬಹುದಂತೆ, ನಿಜವಾ ಚಿಕ್ಕಮ್ಮ ಅಂತ ಕೇಳಿದೆಯಲ್ಲ. ನಿಜ. ಆದರೆ ಮೊದಲ ನಾಲ್ಕೈದು ದಿನ ಆ ಲೆಕ್ಕಕ್ಕೆ ಸೇರುವುದಿಲ್ಲ. ಆ ದಿನಗಳನ್ನು ನರ್ಸು, ಡಾಕ್ಟರು ಕೂಗಳತೆಯಲ್ಲಿರುವ ಕಡೆ ಕಳೆದುಬಿಟ್ಟರೆ, ಆಮೇಲಿನ ಒಂದೆರಡು ವರ್ಷದ ದಾರಿಯನ್ನು ಬಹುಮಟ್ಟಿಗೆ ಫೋನಿನಲ್ಲೇ ಸವೆಸಬಹುದು. ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ನಾಚಿಕೆಗೆ ಅಂಜಿ ಮೊದಲ ವಾರ ಮನೆಯಲ್ಲೇ ಫೋನ್ ಹಿಡಿದು ಒದ್ದಾಡುತ್ತಾರೆ, ಸ್ವಲ್ಪ ನೆಟ್ಟಗಾದ ಮೇಲೆ ಡಾಕ್ಟರನ್ನೇ ಮರೆಯುತ್ತಾರೆ.

ಅಳಿಯಂದಿರಿಗೆ ಬೆಳಗ್ಗೆ ಕಾಫಿ ಲೋಟ ಹಿಡಿದರೆ ಕೈ ನಡುಗುತ್ತದೆ ಅಂದೆ. ಈ ಚೆನ್ನೈನ ವಾರ್ಡುಗಳಲ್ಲಿ ನರ್ಸಾಗಿ ದುಡಿದ ನನಗೆ ಅಷ್ಟು ಹೇಳಿದರೆ ಸಾಕು. ಮೈ ಮದ್ಯಕ್ಕೆ ಒಗ್ಗಿಹೋಗಿದೆ, ರಾತ್ರಿಯದು ಇಳಿಯುತ್ತಿದ್ದಂತೆ ಮತ್ತೆ ಕೇಳುತ್ತಿದೆ. ಇಂಥವರು ಒಂದೇ ಏಟಿಗೆ ನಿಲ್ಲಿಸಿದರೆ ಆರೆಂಟು ಗಂಟೆಯಲ್ಲಿ ನಡುಕ, ಬೆವರು, ಓಕರಿಕೆ ಶುರುವಾಗುತ್ತದೆ. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಬುದ್ಧಿಯೇ ಕದಡುತ್ತದೆ. ಗೋಡೆಯ ಮೇಲೆ ಹುಳ ಹರಿದಂತೆ ಕಾಣುತ್ತದೆ, ಸತ್ತುಹೋದ ಅಪ್ಪನ ಜತೆ ಮಾತಾಡುತ್ತಾರೆ, ಇದು ಯಾವ ಊರು ಎಂದು ಕೇಳುತ್ತಾರೆ. ದೆವ್ವ ಮೆಟ್ಟಿತು ಎಂದು ನಿಂಬೆಹಣ್ಣು ನಿವಾಳಿಸಿ, ಹೊತ್ತು ಮೀರಿದ ಮೇಲೆ ಕರೆತಂದವರನ್ನು ನೋಡಿದ್ದೇನೆ. ಇದರಲ್ಲಿ ಜೀವ ಹೋಗುವುದೂ ಉಂಟು.

ಆಸ್ಪತ್ರೆಯಲ್ಲಾದರೆ ನಡುಕ ತಗ್ಗಿಸುವ ಮಾತ್ರೆಯನ್ನು ದಿನದಿಂದ ದಿನಕ್ಕೆ ಇಳಿಸುತ್ತಾ ಈ ಘಟ್ಟ ದಾಟಿಸುತ್ತಾರೆ, ಬಿ1 ವಿಟಮಿನ್ ಇಂಜೆಕ್ಷನ್ ಕೊಡುತ್ತಾರೆ. ಹಾಂ, ಇನ್ನೊಂದು. ಸುಸ್ತಾಗಿದ್ದಾರೆ ಅಂತ ಬೀದಿ ತುದಿಯ ಕ್ಲಿನಿಕ್ಕಿಗೆ ಹೋಗಿ ಬರೀ ಗ್ಲೂಕೋಸ್ ಏರಿಸಿಕೊಂಡು ಬರಬೇಡಿ. ಬಿ1 ಬರಿದಾದ ಮೈಗೆ ಗ್ಲೂಕೋಸ್ ಮಾತ್ರ ಹೋದರೆ ಮಿದುಳಿಗೆ ಪೆಟ್ಟಾಗಬಹುದು. ದಿನಾ ಕುಡಿಯುತ್ತಾರೆ ಅಂತ ಮೊದಲೇ ಬಾಯಿಬಿಟ್ಟು ಹೇಳು.

ಕಾರ್ತೀಕದಲ್ಲಿ ಅಯ್ಯಪ್ಪನ ಮಾಲೆ ಹಾಕಿಸಿದರೆ ತಾನಾಗಿಯೇ ಬಿಡುತ್ತಾನೆ ಎನ್ನುತ್ತಾರಂತೆ ನಿಮ್ಮತ್ತೆ. ಹಾಕಿಸಲಿ, ನನ್ನದೇನೂ ಅಡ್ಡಿಯಿಲ್ಲ. ನಲವತ್ತೊಂದು ದಿನದ ವ್ರತ ಎಷ್ಟೋ ಗಂಡಸರನ್ನು ಹಿಡಿದು ನಿಲ್ಲಿಸಿದೆ. ಆದರೆ ಕೈ ನಡುಗುವವನಿಗೆ ಮಾಲೆ ಹಾಕುವ ಮುಂಚೆ ಡಾಕ್ಟರು ನೋಡಿರಬೇಕು, ಅಷ್ಟೇ.

ಕುಡಿತ ಒಮ್ಮೆಗೇ ನಿಂತರೆ ಏನಾಗುತ್ತದೆ ಎಂಬುದನ್ನು 2020ರಲ್ಲಿ ಊರಿಗೆ ಊರೇ ಕಂಡಿತು. ಮಾರ್ಚ್ ಕೊನೆಯ ವಾರ ಲಾಕ್‌ಡೌನ್ ಬಂದು ಇಲ್ಲಿನ ಸರ್ಕಾರಿ ಮದ್ಯದಂಗಡಿಗಳು, ಅಂದರೆ ಟಾಸ್ಮಾಕ್, ಬಾಗಿಲೆಳೆದವು. ಕರ್ನಾಟಕದಲ್ಲಿ ಮೇ 4ಕ್ಕೇ ತೆರೆದರು. ಚೆನ್ನೈನಲ್ಲಿ ತೆರೆದದ್ದು ಆಗಸ್ಟ್ 18ಕ್ಕೆ. ಏಪ್ರಿಲ್‌ನಲ್ಲಿ ಪಕ್ಕದ ಚೆಂಗಲ್ಪಟ್ಟಿನಲ್ಲಿ ಮದ್ಯ ಸಿಗದೆ ಪೇಂಟು, ವಾರ್ನಿಶ್ ಕುಡಿದು ಮೂವರು ಸತ್ತರು. ಇನ್ನು ಫೋನಿನ ಮಾತಿಗೆ ಬಂದರೆ, ಅದೇ ಮಾರ್ಚ್ 25ರಂದು ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ನಿಯಮಗಳನ್ನು ಹೊರಡಿಸಿತು. ಅಲ್ಲಿಯವರೆಗೆ ಫೋನಿನಲ್ಲಿ ಔಷಧಿ ಬರೆದುಕೊಡಬಹುದೋ ಬಾರದೋ ಎಂದು ಡಾಕ್ಟರುಗಳಿಗೇ ಅಳುಕಿತ್ತು.

ಆ ನಿಯಮಗಳಲ್ಲಿ ನಿನಗೆ ಬೇಕಾದವು ಕೆಲವೇ. ನೋಂದಣಿ ಇರುವ ಡಾಕ್ಟರು ದೇಶದ ಯಾವ ಮೂಲೆಯಲ್ಲಿ ಕೂತೂ ನೋಡಬಹುದು; ಚೀಟಿಯ ಮೇಲೆ ಅವರ ನೋಂದಣಿ ಸಂಖ್ಯೆ ಇರಲೇಬೇಕು. ನಾನು ನೇರವಾಗಿ ಬರುತ್ತೇನೆ ಎಂದ ರೋಗಿಗೆ, ಬೇಡ, ಫೋನಿನಲ್ಲೇ ಆಗಲಿ ಎಂದು ಅವರು ಹಟ ಹಿಡಿಯುವಂತಿಲ್ಲ. ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿರುವ ಔಷಧಿಗಳನ್ನು ಟೆಲಿಮೆಡಿಸಿನ್‌ನಲ್ಲಿ ಬರೆಯಬಾರದೆಂದು ನಿಯಮವೇ ಹೇಳುತ್ತದೆ. ನಡುಕಕ್ಕೆ ಕೊಡುವ ಮಾತ್ರೆಗಳಲ್ಲಿ ಹಲವು, ಹೆರಾಯಿನ್ ಚಟಕ್ಕೆ ಕೊಡುವ ಬ್ಯುಪ್ರೆನಾರ್ಫಿನ್ ಕೂಡ ಆ ಪಟ್ಟಿಯವೇ. ಹಾಗಾಗಿ ಡಾಕ್ಟರು ‘ಒಮ್ಮೆ ಕರೆದುಕೊಂಡು ಬನ್ನಿ’ ಎಂದರೆ ದುಡ್ಡಿಗೆ ಹೇಳುತ್ತಿದ್ದಾರೆ ಎಂದುಕೊಳ್ಳಬೇಡ. ಮೂರು ನಿಮಿಷ ಮಾತಾಡಿ ನಿದ್ದೆಮಾತ್ರೆ ಕೊರಿಯರ್ ಮಾಡುತ್ತೇವೆ ಎನ್ನುವವರ ಮೇಲೆಯೇ ಅನುಮಾನ ಇರಲಿ. ಕುಡಿತ ಹೋಗಿ ಮಾತ್ರೆಯ ಚಟ ಹಿಡಿದವರನ್ನು ಬೇಕಾದಷ್ಟು ಕಂಡಿದ್ದೇನೆ.

ಮೊದಲ ದಿನಗಳಿಗೆ ಎಲ್ಲಿಗೆ ಅನ್ನುತ್ತೀಯ. ನೀವಿರುವ ಶೋಲಿಂಗನಲ್ಲೂರಿನಿಂದ ಅಡ್ಯಾರ್ ಹತ್ತಿರ. ಅಲ್ಲಿ ಇಂದಿರಾ ನಗರದಲ್ಲಿ ಟಿಟಿಕೆ ಆಸ್ಪತ್ರೆ ಇದೆ. ಟಿ.ಟಿ. ಕೃಷ್ಣಮಾಚಾರಿಯವರ ಮೊಮ್ಮಗ ರಂಗನಾಥನ್ ಕುಡಿತಕ್ಕೆ ಬಲಿಯಾದರು; ಅವರ ಹೆಂಡತಿ ಶಾಂತಿ ರಂಗನಾಥನ್ ಅಮೆರಿಕಕ್ಕೆ ಹೋಗಿ ಈ ಚಿಕಿತ್ಸೆಯ ಕ್ರಮ ಕಲಿತು ಬಂದು 1980ರಲ್ಲಿ ಸಂಸ್ಥೆ ಕಟ್ಟಿದರು. 1992ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಎಷ್ಟು ದೊಡ್ಡ ಮನೆತನ ನೋಡು. ದುಡ್ಡು, ಓದು, ಹೆಸರು ಎಲ್ಲ ಇದ್ದ ಮನೆಗೂ ಇದು ನುಗ್ಗಿತು. ಅದಕ್ಕೇ ಹೇಳುವುದು, ‘ಒಳ್ಳೆಯ ಮನೆತನದವರಿಗೆ ಹೀಗಾಗಬಾರದಿತ್ತು’ ಎಂಬ ಮಾತನ್ನು ಮೊದಲು ಬಿಡು. ಅಲ್ಲಿ ಮನೆಯವರಿಗೂ ಬೇರೆ ಕೂರಿಸಿ ತಿಳಿಹೇಳುವ ಕ್ರಮವಿದೆ. ಖರ್ಚಿನ ಯೋಚನೆಯಾದರೆ ಕೀಲ್ಪಾಕ್‌ನ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಇದೆ, 1794ರಷ್ಟು ಹಳೆಯದು. ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಮನೋರೋಗ ವಿಭಾಗಗಳಿವೆ. ಖಾಸಗಿ ಕೇಂದ್ರವಾದರೆ ಮಾನಸಿಕ ಆರೋಗ್ಯ ಕಾಯ್ದೆಯ ಕೆಳಗೆ ನೋಂದಣಿ ಆಗಿದೆಯಾ ಎಂದು ಕೇಳು. ರಾತ್ರಿ ವ್ಯಾನ್ ತಂದು ಹೊತ್ತೊಯ್ಯುತ್ತೇವೆ ಎನ್ನುವ ಜಾಗದ ಕಡೆ ತಲೆ ಹಾಕಬೇಡ. ವಿಮೆಯ ಕಾಗದವನ್ನೂ ಓದಿಬಿಡು; ಚಟದ ಚಿಕಿತ್ಸೆಯನ್ನು ಹೊರಗಿಟ್ಟಿರುವ ಪಾಲಿಸಿಗಳು ಬಹಳ.

ಅದಾದ ಮೇಲೆ ಫೋನಿನ ಸರದಿ. ನಿಮ್ಮಂಥವರಿಗೆ ಇದು ವರವೇ ಸರಿ. ಅಳಿಯಂದಿರಿಗೆ ಆಟೋದವನ ಜತೆ ಚೌಕಾಸಿ ಮಾಡುವಷ್ಟು ತಮಿಳು ಬರುತ್ತದೆ, ಆಫೀಸಿನಲ್ಲಿ ಇಂಗ್ಲಿಷ್ ನಡೆಯುತ್ತದೆ. ಆದರೆ ಅಪ್ಪ ಕುಡಿದು ಬಂದು ಅಮ್ಮನ ಸೀರೆ ಸುಟ್ಟ ರಾತ್ರಿ ತಾನು ಎಲ್ಲಿ ಅಡಗಿದ್ದೆ ಎಂಬುದನ್ನು ಆ ಎರಡರಲ್ಲೂ ಅವರು ಹೇಳಲಾರರು. ಅದು ದಾವಣಗೆರೆಯ ಕನ್ನಡದಲ್ಲೇ ಬರಬೇಕು, ಕೇಳುವವರೂ ಕನ್ನಡದವರೇ ಇರಬೇಕು. ನನ್ನ ಕಾಲದಲ್ಲಿ ಇಲ್ಲಿನ ಕನ್ನಡದವರಿಗೆ ಆಪ್ತಸಲಹೆ ಎಂದರೆ ಬೆಂಗಳೂರಿನ ರೈಲು ಹತ್ತಬೇಕಿತ್ತು, ರಜೆಗೆ ಸುಳ್ಳು ಹೇಳಬೇಕಿತ್ತು. ನಾಲ್ಕು ಸಲ ಹೋದವರು ಐದನೆಯ ಸಲ ಹೋಗುತ್ತಿರಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನವರು ಒಮ್ಮೆ ನೇರವಾಗಿ ನೋಡಿದ ರೋಗಿಗಳನ್ನು ಆಮೇಲೆ ವಿಡಿಯೊದಲ್ಲಿ ನೋಡುವುದನ್ನು ಕೊರೋನಾಕ್ಕೆ ಮುಂಚೆಯೇ ಶುರುಮಾಡಿದ್ದರು. ಒಂದು ಶನಿವಾರ ವಂದೇ ಭಾರತ್ ಹತ್ತಿ ಹೋಗಿ ತೋರಿಸಿಕೊಂಡು ಬನ್ನಿ. ಆಮೇಲೆ ನಿಮ್ಮ ಮಲಗುವ ಕೋಣೆಯಲ್ಲೇ ಕನ್ನಡದ ಡಾಕ್ಟರು. ಶನಿವಾರ ಹೊರರೋಗಿ ವಿಭಾಗ ಇರುವ ಹೊತ್ತನ್ನು ಮಾತ್ರ ಮೊದಲೇ ವಿಚಾರಿಸಿಕೊ.

ಅಪಾಯಿಂಟ್‌ಮೆಂಟಿಗೆ ಮುಂಚೆ ಒಂದು ಹಾಳೆಯಲ್ಲಿ ಬರೆದಿಡಿ. ಕೊನೆಯದಾಗಿ ಕುಡಿದದ್ದು ಯಾವಾಗ, ಬೆಳಗ್ಗೆ ಎದ್ದೊಡನೆ ಬೇಕಾಗುತ್ತದಾ, ಹಿಂದೆ ಫಿಟ್ಸ್ ಬಂದಿತ್ತಾ, ಕಾಮಾಲೆ ಆಗಿತ್ತಾ, ಸಕ್ಕರೆ, ಬಿಪಿ ಮಾತ್ರೆ ಏನೇನು. ‘ಸ್ವಲ್ಪ’ ಎಂದು ಬರೆಯಬೇಡಿ, ಅದು ಅಳತೆಯಲ್ಲ. ಮೂವತ್ತು ಎಂಎಲ್ ಬ್ರಾಂಡಿ ಒಂದು ಪೆಗ್ ಎಂದು ಹಿಡಿದರೆ ಕ್ವಾರ್ಟರ್ ಎಂದರೆ ಆರಾಯಿತು. ಬರೀ ಬಿಯರ್ ಎನ್ನುತ್ತಾರಲ್ಲ, ಸ್ಟ್ರಾಂಗ್ ಬಿಯರಿನ ಒಂದು ದೊಡ್ಡ ಬಾಟಲಿಯಲ್ಲಿ ಅಂಥ ನಾಲ್ಕು ಪೆಗ್ಗಿನಷ್ಟು ಮದ್ಯ ಇರುತ್ತದೆ.

ಡಾಕ್ಟರು ಪರದೆಯ ಮೇಲೆ ಬಂದಾಗ ನೀನು ಏನು ಮಾಡಬೇಕು ಗೊತ್ತಾ? ನಿನ್ನನ್ನು ಕೇಳಿದ್ದಕ್ಕೆ ಉತ್ತರ ಹೇಳಿ ಎದ್ದು ಹೊರಗೆ ಹೋಗಬೇಕು. ಬಾಗಿಲಿಗೆ ಕಿವಿ ಕೊಡಬೇಡ. ‘ಸುಳ್ಳು ಹೇಳ್ತಿದಾರೆ ಡಾಕ್ಟ್ರೇ’ ಅಂತ ಪಕ್ಕದಿಂದ ಕೂಗುವ ಹೆಂಡತಿಯರಿಂದಾಗಿ ಅರ್ಧಕ್ಕೆ ನಿಂತ ಮಾತುಕತೆಗಳು ಎಷ್ಟೋ. ನಿಮ್ಮ ಫ್ಲ್ಯಾಟಿನ ಗೋಡೆ ತೆಳ್ಳಗಿದ್ದರೆ ಅವರು ಕೆಳಗೆ ನಿಲ್ಲಿಸಿದ ಕಾರಿನಲ್ಲಿ ಕೂತು ಮಾತಾಡಲಿ. ಗುಟ್ಟು ಕಾಯುವುದು 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ರೋಗಿಯ ಹಕ್ಕು. ಅದು ಹೆಂಡತಿಗೂ ಅನ್ವಯಿಸುತ್ತದೆ ಎಂದರೆ ನಿನಗೆ ಸಿಟ್ಟು ಬರಬಹುದು, ಬರಲಿ.

ಫೋನಿಗೆ ಒಂದು ಕೊರತೆ ಇದೆ, ಮೂಗಿಲ್ಲ. ವಾರ್ಡಿಗೆ ಬಂದವರ ಉಸಿರಿನಲ್ಲೇ ನಮಗೆ ಅರ್ಧ ತಿಳಿಯುತ್ತಿತ್ತು. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ವಿಡಿಯೊದಲ್ಲಿ ಹದಿನೈದು ನಿಮಿಷ ಕೂತರೆ ಯಾರೂ ಒಳ್ಳೆಯವರೇ. ಆದ್ದರಿಂದ ಡಾಕ್ಟರು ಹೇಳಿದಾಗೆಲ್ಲ ಲಿವರಿನ ರಕ್ತಪರೀಕ್ಷೆ ಮಾಡಿಸಿ. ನಾಲ್ಟ್ರೆಕ್ಸೋನ್ ಎಂಬ ಮಾತ್ರೆ ಶುರುಮಾಡುವುದಕ್ಕೂ ಅದು ಬೇಕು. ಕುಡಿಯಬೇಕೆಂಬ ತುಡಿತ ತಗ್ಗಿಸಲು ಈ ಮಾತ್ರೆ ಕೊಡುತ್ತಾರೆ. ಇವತ್ತು ಮೀಟಿಂಗ್ ಇದೆ, ಮುಂದಿನ ವಾರ ನೋಡೋಣ ಎಂದು ಅವರು ವಿಡಿಯೊ ಭೇಟಿಯನ್ನು ಎರಡು ಸಲ ಮುಂದೂಡಿದರೆ ಮೂರನೆಯದಕ್ಕೆ ನೇರವಾಗಿಯೇ ಕರೆದುಕೊಂಡು ಹೋಗು.

ಇನ್ನು ಕುಡಿತ ಬಿಡಿಸುತ್ತದೆ ಎಂದು ಮಾರುವ ಆ ಪುಡಿ. ‘ಗೊತ್ತಾಗದಂತೆ ಸಾರಿನಲ್ಲಿ ಬೆರೆಸಿ, ಇಪ್ಪತ್ತೊಂದು ದಿನದಲ್ಲಿ ಕುಡಿತ ಮಾಯ’ ಎಂಬ ಜಾಹೀರಾತು ನನಗೂ ಬಂದಿತ್ತು. ಮುಟ್ಟಬೇಡ. ಅಂಥದರಲ್ಲಿ ಡೈಸಲ್ಫಿರಾಮ್ ಇದ್ದರೆ, ಅದರ ಮೇಲೆ ಕುಡಿದವರಿಗೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಕುಸಿದು ಎದೆ ಹಾರುತ್ತದೆ. ಹೃದಯ ಸೊರಗಿದ್ದವರು ಸಾಯಲೂಬಹುದು. ರೋಗಿಗೆ ತಿಳಿಸಿ, ಒಪ್ಪಿಸಿ, ಡಾಕ್ಟರು ಕೊಡುವ ಔಷಧಿ ಅದು. ಮೇಲಾಗಿ, ಹೆಂಡತಿ ಊಟದಲ್ಲಿ ಏನೋ ಬೆರೆಸಿದಳು ಎಂದು ಒಮ್ಮೆ ಗೊತ್ತಾದ ಗಂಡ ಆಮೇಲೆ ಯಾವ ಮಾತ್ರೆಯನ್ನೂ ನಂಬುವುದಿಲ್ಲ.

ಅವರು ಒಪ್ಪುತ್ತಾರಾ ಎಂಬುದೇ ನಿನ್ನ ದೊಡ್ಡ ಚಿಂತೆ. ಏಮ್ಸ್‌ನವರು 2019ರಲ್ಲಿ ಹೊರತಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ಅಂಟಿಹೋದ 38 ಜನರಲ್ಲಿ ಯಾವುದಾದರೂ ಚಿಕಿತ್ಸೆ ಕಂಡವರು ಒಬ್ಬರೇ. ಒಪ್ಪದವರೇ ಹೆಚ್ಚು, ನಿನ್ನ ಗಂಡನೊಬ್ಬರೇ ಅಲ್ಲ. ಸರಿ, ಅವರು ಒಪ್ಪುವವರೆಗೆ ಕಾಯಬೇಡ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ನೀನೇ ಫೋನ್ ಮಾಡು, ಕನ್ನಡ ಬೇಕೆಂದು ಹೇಳು, ಹಗಲು ರಾತ್ರಿ ಎತ್ತುತ್ತಾರೆ. ಚಟಕ್ಕೆಂದೇ ಇರುವ ಸಂಖ್ಯೆ 14446. ಕೈ ಎತ್ತುವಷ್ಟಕ್ಕೆ ಬಂದಿದ್ದರೆ ಮಹಿಳಾ ಸಹಾಯವಾಣಿ 181, ಫಿಟ್ಸ್ ಬಂದರೆ, ಮಾತು ತಪ್ಪಿದರೆ ಆಂಬುಲೆನ್ಸಿಗೆ 108. ಆಗ ಯಾವ ವಿಡಿಯೊಕ್ಕೂ ಕಾಯಬೇಡ. ಮೊದಲ ಅಪಾಯಿಂಟ್‌ಮೆಂಟನ್ನು ಬೇಕಾದರೆ ನಿನ್ನ ಹೆಸರಿನಲ್ಲೇ ತೆಗೆದುಕೊ. ನಿದ್ದೆಯಿಲ್ಲ, ಊಟ ಸೇರುವುದಿಲ್ಲ ಅಂದೆಯಲ್ಲ, ಅದನ್ನೇ ಹೇಳು. ಗಂಡ ಕುಡಿದು ಮನೆಗೆ ಬಂದ ರಾತ್ರಿ ಏನು ಮಾತಾಡಬೇಕು, ಏನು ಮಾತಾಡಬಾರದು, ಆಫೀಸಿಗೆ ಫೋನ್ ಮಾಡಿ ಹುಷಾರಿಲ್ಲ ಎಂದು ಸುಳ್ಳು ಹೇಳುವುದನ್ನು ಹೇಗೆ ನಿಲ್ಲಿಸಬೇಕು ಎಂಬುದನ್ನು ಡಾಕ್ಟರು ಹೇಳಿಕೊಡುತ್ತಾರೆ. ಹೆಂಡತಿ ವಾರಕ್ಕೊಮ್ಮೆ ಬಾಗಿಲು ಹಾಕಿಕೊಂಡು ಯಾರ ಜತೆ ಮಾತಾಡುತ್ತಾಳೆ ಎಂದು ಅಳಿಯಂದಿರು ಕೇಳಿಯೇ ಕೇಳುತ್ತಾರೆ. ಡಾಕ್ಟರ ಜತೆ ಅಂತ ನಿಜವನ್ನೇ ಹೇಳು, ಅವರ ನಂಬರನ್ನೂ ಕೊಡು.

ನಿನ್ನ,
ಚಿಕ್ಕಮ್ಮ